ಮೂರ್ತಿಯಿಲ್ಲದ ಪ್ರಭಾವಳಿ

ಶಿಲ್ಪಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಎದುರಿಗೊಂದು ಬಂಡೆ, ಕೈಯಲ್ಲಿ ಉಳಿ ಸುತ್ತಿಗೆ, ಕಲ್ಲಿನೊಳಗೆ ಅಡಗಿರುವ ರೂಪವನ್ನು ಬೆವರಿಳಿಸುತ್ತ ಹೊರತೆಗೆಯುವ ಒಬ್ಬ ಮನುಷ್ಯ. ಜಕಣಾಚಾರಿಯ ಕಥೆ ಈ ಚಿತ್ರವನ್ನು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿದೆ. ಹೀಗಿರುವಾಗ, ಕಲ್ಲನ್ನು ಕೈಯಿಂದ ಮುಟ್ಟದೆ, ಅಂಗಡಿಯಿಂದ ತಂದ ವಸ್ತುವನ್ನೊ ಪರರಿಂದ ಮಾಡಿಸಿದ ವಿಗ್ರಹವನ್ನೊ ಪೀಠದ ಮೇಲಿರಿಸಿ ‘ಇದು ನನ್ನ ಶಿಲ್ಪ’ ಎನ್ನುವವನನ್ನು ಏನೆಂದು ಕರೆಯೋಣ? ಶಿಲ್ಪಿಯೆನ್ನಲು ನಾಲಗೆ ತಡವರಿಸುತ್ತದೆ. ವಂಚಕನೆನ್ನಲು ವಿವೇಕ ಒಪ್ಪುವುದಿಲ್ಲ. ಈ ಇಕ್ಕಟ್ಟು ಈಗ ಪರದೇಶದ ಸುದ್ದಿಯಾಗಿ ಉಳಿದಿಲ್ಲ. ಅದು ನಮ್ಮ ಕರಾವಳಿಯ ಒಂದು ಊರಿನಲ್ಲಿ ಹುಟ್ಟಿದ ಕಲಾವಿದರ ಮೂಲಕ ನಮ್ಮ ಮನೆಯ ಬಾಗಿಲಿಗೇ ಬಂದಿದೆ.

ಮೊದಲು ಪಶ್ಚಿಮದ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಕೆಲವು ಕಲಾವಿದರು ಜಾಹೀರಾತು, ಡಬ್ಬಿ, ಸಿನಿಮಾ ತಾರೆ, ಮಕ್ಕಳ ಆಟಿಕೆ ಮೊದಲಾದ ಜನಪ್ರಿಯ ವಸ್ತುಗಳನ್ನೇ ಕಲೆಯ ವಸ್ತುವಾಗಿ ಎತ್ತಿಕೊಂಡರು. ಇದಕ್ಕೆ ‘ಪಾಪ್’ ಎಂಬ ಹೆಸರು ಬಿದ್ದಿತು. 1964ರಲ್ಲಿ ಆಂಡಿ ವಾರ್ಹಾಲ್ ನ್ಯೂಯಾರ್ಕಿನಲ್ಲಿ ಸಾಬೂನಿನ ಪೆಟ್ಟಿಗೆಗಳನ್ನು ಹೋಲುವ ಮರದ ಪೆಟ್ಟಿಗೆಗಳನ್ನು ಒಟ್ಟಿ ಪ್ರದರ್ಶಿಸಿದರು. ಕಿರಾಣಿ ಅಂಗಡಿಯ ಪೆಟ್ಟಿಗೆಗೂ ಇದಕ್ಕೂ ವ್ಯತ್ಯಾಸವೇನೆಂಬ ಪ್ರಶ್ನೆ ತತ್ತ್ವಶಾಸ್ತ್ರದ ಪಂಡಿತರನ್ನೂ ಕಾಡಿತು.

ಆ ಪರಂಪರೆಯ ಕೊನೆಯ ಕೊಂಡಿಯೆಂಬಂತೆ ನಿಂತವರು 1955ರಲ್ಲಿ ಪೆನ್ಸಿಲ್ವೇನಿಯದ ಯಾರ್ಕ್ ಎಂಬಲ್ಲಿ ಹುಟ್ಟಿದ ಜೆಫ್ ಕೂನ್ಸ್. ಗಾಳಿ ತುಂಬಿದ ಮೊಲದ ಆಟಿಕೆಯನ್ನು ಅವರು 1986ರಲ್ಲಿ ಹೊಳೆಯುವ ಉಕ್ಕಿನಲ್ಲಿ ಎರಕ ಹೊಯ್ಯಿಸಿದರು. 2019ರಲ್ಲಿ ಆ ಮೊಲ 9 ಕೋಟಿ 10 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಅವರ ಕೃತಿಗಳನ್ನು ಬಹುಮಟ್ಟಿಗೆ ರಚಿಸುವವರು ಕಾರ್ಯಾಗಾರದ ಸಹಾಯಕರು. ಒಬ್ಬ ಛಾಯಾಗ್ರಾಹಕನ ಚಿತ್ರವನ್ನು ನೋಡಿ ನಾಯಿಮರಿಗಳ ಸಾಲೊಂದನ್ನು ಮಾಡಿಸಿದುದಕ್ಕಾಗಿ ಅವರ ಮೇಲೆ ಮೊಕದ್ದಮೆ ನಡೆಯಿತು. 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಛಾಯಾಗ್ರಾಹಕನ ಪರವಾಗಿಯೇ ತೀರ್ಪಿತ್ತಿತು. ಆದರೂ ಮಾರುಕಟ್ಟೆಯಲ್ಲಿ ಅವರ ಬೆಲೆ ಕುಗ್ಗಲಿಲ್ಲ. ಕೂನ್ಸರ ಮೊಲದ ಮುಖದಲ್ಲಿ ಕಣ್ಣುಮೂಗುಗಳಿಲ್ಲ. ನೋಡಲು ಹೋದವನಿಗೆ ಅಲ್ಲಿ ಕಾಣುವುದು ತನ್ನ ಪ್ರತಿಬಿಂಬವೇ. ಹಣವುಳ್ಳ ನಾಗರಿಕತೆ ತನ್ನ ಮುಖವನ್ನು ನೋಡಿಕೊಂಡು ಮೆಚ್ಚಿದ ಕನ್ನಡಿಯೆಂದು ಅದನ್ನು ಕರೆಯಬಹುದು.

ನಮ್ಮವರಾದ ಎಲ್. ಎನ್. ತಲ್ಲೂರು ಈ ಸಾಲಿಗೆ ಪೂರ್ತಿಯಾಗಿ ಸೇರುವವರೆಂದು ನಾನು ಹೇಳಲಾರೆ. ಸಿದ್ಧವಸ್ತು, ಯಂತ್ರ, ನಾಣ್ಯ, ಅನ್ಯರ ಕೈಗೆಲಸ, ನೋಡುವವನನ್ನೇ ಕೃತಿಯೊಳಕ್ಕೆ ಎಳೆಯುವ ವಿನೋದ: ಇವೆಲ್ಲ ಪಾಪ್ ಪಂಥದ ಲಕ್ಷಣಗಳೇ. ಆದರೆ ಅವರ ಕನ್ನಡಿಯಲ್ಲಿ ಕಾಣುವುದು ಬೇರೆ ಮುಖ. ಅವರು 1971ರಲ್ಲಿ ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ ಹುಟ್ಟಿದರು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತದ್ದು ಶಿಲ್ಪವನ್ನಲ್ಲ, ಚಿತ್ರಕಲೆಯನ್ನು. ಅಲ್ಲಿಂದ 1996ರಲ್ಲಿ ಪದವಿ ಪಡೆದು ಬಡೋದೆಗೆ ಹೋದರು. ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಅವರು ಆರಿಸಿಕೊಂಡ ವಿಷಯ ಇನ್ನೂ ವಿಚಿತ್ರವಾದುದು: ವಸ್ತುಸಂಗ್ರಹಾಲಯ ಶಾಸ್ತ್ರ. 1998ರಲ್ಲಿ ಅದನ್ನು ಮುಗಿಸಿ, ಮುಂದೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸಮಕಾಲೀನ ಕಲೆಯನ್ನು ಅಭ್ಯಸಿಸಿ 2002ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅನಂತರದ ಅವರ ಬಾಳು ಭಾರತಕ್ಕೂ ದಕ್ಷಿಣ ಕೊರಿಯಕ್ಕೂ ನಡುವೆ ಹಂಚಿಹೋಯಿತು. 2011ರಲ್ಲಿ ಮುಂಬಯಿಯ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನ ಅವರಿಗೆ ವಿಶೇಷ ಹೆಸರು ತಂದಿತು. ಸಮಕಾಲೀನ ಭಾರತೀಯ ಕಲೆಗೆ ಮೀಸಲಾಗಿದ್ದ ಸ್ಕೋಡಾ ಪ್ರಶಸ್ತಿಯ 2012ರ ಸಾಲಿನ ಗೌರವ ಅವರಿಗೆ ಸಂದಿತು. 2019ರಲ್ಲಿ ಅಮೆರಿಕದ ನ್ಯೂಜರ್ಸಿಯ ಹ್ಯಾಮಿಲ್ಟನ್ನಿನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನವೊಂದು ನಡೆಯಿತು.

ಗುಡಿಯ ಊರಿನಲ್ಲಿ ಹುಟ್ಟಿ ವಸ್ತುಸಂಗ್ರಹಾಲಯದ ಶಾಸ್ತ್ರವನ್ನು ಓದಿದವರು ಎಂಬ ಒಂದೇ ಸಂಗತಿಯಿಂದ ಅವರ ಕಲೆಯ ಬಹುಭಾಗ ಅರ್ಥವಾಗುತ್ತದೆಂದು ನನಗನ್ನಿಸುತ್ತದೆ. ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ದೇವಾಲಯವಿದೆ, ವಿಶಾಲವಾದ ಪುಷ್ಕರಿಣಿಯಿದೆ, ವರ್ಷಕ್ಕೊಮ್ಮೆ ನೆರೆಯುವ ಕೊಡಿಹಬ್ಬವಿದೆ. ಅಲ್ಲಿ ಮೂರ್ತಿಯೆಂದರೆ ಎಣ್ಣೆ, ನೀರು, ಹೂವು, ಹೊಗೆಗಳ ನಡುವೆ ಬದುಕುವ ಒಂದು ಜೀವ. ವಸ್ತುಸಂಗ್ರಹಾಲಯದಲ್ಲಿ ಅದೇ ಮೂರ್ತಿಗೆ ಒಂದು ಸಂಖ್ಯೆ, ಒಂದು ಚೀಟಿ, ಒಂದು ದೀಪ. ಈ ಎರಡು ಸ್ಥಿತಿಗಳ ನಡುವೆ ಮೂರ್ತಿಗೆ ಏನಾಯಿತು? ತಲ್ಲೂರರ ಕೃತಿಗಳು ಮತ್ತೆಮತ್ತೆ ಕೇಳುವ ಪ್ರಶ್ನೆ ಇದೇ.

ಈ ಪ್ರಶ್ನೆಯನ್ನು ಪ್ರದರ್ಶನಶಾಲೆಗಿಂತ ಸ್ಪಷ್ಟವಾಗಿ ಕೇಳುವ ಸ್ಥಳವೊಂದು ಉತ್ತರ ಕರ್ನಾಟಕದಲ್ಲಿದೆ. ಅದು ಬಾದಾಮಿಯಿಂದ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರು ದೂರದ ಮಹಾಕೂಟ. ತಲ್ಲೂರರ ಕೃತಿಗಳ ಚಿತ್ರಗಳನ್ನು ನೋಡಿ ಗೊಂದಲಕ್ಕೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಆ ಗುಡಿಗಳ ಗುಂಪು. ಗುಡ್ಡಗಳ ಮಡಿಲಿನಲ್ಲಿ, ಮರಗಳ ನೆರಳಿನಲ್ಲಿ ಬಾದಾಮಿ ಚಲುಕ್ಯರ ಕಾಲದ ದೇವಾಲಯಗಳು ಒತ್ತೊತ್ತಾಗಿ ನಿಂತಿವೆ. ದ್ರಾವಿಡ ಶೈಲಿಯ ಮಹಾಕೂಟೇಶ್ವರ, ಮಲ್ಲಿಕಾರ್ಜುನ. ಉತ್ತರದ ಶಿಖರವುಳ್ಳ ಸಂಗಮೇಶ್ವರ. ನಡುವೆ ಬುಗ್ಗೆಯ ನೀರು ತುಂಬಿದ ವಿಷ್ಣುಪುಷ್ಕರಿಣಿ. ಅದರ ನೀರಿನಲ್ಲಿ ಪುಟ್ಟ ಮಂಟಪದೊಳಗೆ ಪಂಚಮುಖಲಿಂಗ. ನಾನು ಅಲ್ಲಿಗೆ ಹೋದ ಒಂದು ಬೆಳಗ್ಗೆ ಹುಡುಗರು ಪುಷ್ಕರಿಣಿಗೆ ಧುಮುಕುತ್ತಿದ್ದರು, ಹೆಂಗಸರು ಒದ್ದೆ ಸೀರೆಯಲ್ಲಿಯೇ ಪ್ರದಕ್ಷಿಣೆ ಹಾಕುತ್ತಿದ್ದರು. ಭಿತ್ತಿಯ ಮೇಲಿನ ಅರ್ಧನಾರೀಶ್ವರನನ್ನು ಕುರಿತು ಪಂಡಿತರು ಬರೆದಿರುವುದನ್ನು ಅವರಲ್ಲಿ ಯಾರೂ ಓದಿರಲಾರರು. ಓದದೆಯೂ ಅವರಿಗೆ ಆ ಕಲ್ಲುಗಳೊಡನೆ ಒಂದು ವ್ಯವಹಾರವಿತ್ತು.

ಆದರೆ ಮಹಾಕೂಟದಲ್ಲಿದ್ದದ್ದೆಲ್ಲ ಮಹಾಕೂಟದಲ್ಲಿ ಉಳಿದಿಲ್ಲ. ಮಂಗಳೇಶನು 602ರಲ್ಲಿ ನಿಲ್ಲಿಸಿದ ಧರ್ಮಜಯಸ್ತಂಭ ಈಗ ವಿಜಯಪುರದಲ್ಲಿ, ಗೋಲಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿದೆ. ಸಮೀಪದ ನಾಗನಾಥನಕೊಳ್ಳದ ಲಜ್ಜಾಗೌರಿ ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಬಂದಿದ್ದಾಳೆ. ತಲೆಯ ಸ್ಥಾನದಲ್ಲಿ ಕಮಲ, ಪ್ರಸವದ ಭಂಗಿಯಲ್ಲಿ ತೆರೆದ ತೊಡೆಗಳು: ಸಂತಾನಕ್ಕಾಗಿ ಹರಕೆ ಹೊತ್ತ ಹೆಂಗಸರ ಪಾಲಿಗೆ ಆಕೆ ತಾಯಿ. ಶಾಲೆಯ ಮಕ್ಕಳನ್ನು ಕರೆತಂದ ಉಪಾಧ್ಯಾಯರೊಬ್ಬರು ಆಕೆಯ ಮುಂದೆ ನಿಲ್ಲದೆ ಹೆಜ್ಜೆ ಬಿರುಸುಮಾಡಿದುದನ್ನು ನಾನು ನೋಡಿದ್ದೇನೆ. ಆಕೆಯ ಮೈಯಲ್ಲಿ ಒಂದು ಗೆರೆಯೂ ಬದಲಾಗಿಲ್ಲ, ಬದಲಾದದ್ದು ಆಕೆ ಇರುವ ಜಾಗ. ಗುಡಿಯಲ್ಲಿ ಮಂಗಳವಾಗಿದ್ದದ್ದು ಸಂಗ್ರಹಾಲಯದಲ್ಲಿ ಮುಜುಗರವಾಗಿಬಿಟ್ಟಿತು. ‘ವಿವಾದಾತ್ಮಕ ಶಿಲ್ಪ’ವೆಂಬುದನ್ನು ಯಾವನೋ ಆಧುನಿಕ ಕಲಾವಿದನೇ ಸೃಷ್ಟಿಸಬೇಕೆಂದಿಲ್ಲ, ಹಳೆಯ ಶಿಲ್ಪವನ್ನು ಅದರ ಮನೆಯಿಂದ ಎತ್ತಿ ಬೇರೆಡೆ ಇಟ್ಟರೂ ಸಾಕು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ತಲ್ಲೂರರ ‘ಯೂನಿಕೋಡ್’ ಎಂಬ 2011ರ ಕೃತಿಯನ್ನು ನೋಡಬೇಕು. ನಟರಾಜನ ಕಂಚಿನ ಮೂರ್ತಿಯ ಸುತ್ತ ಇರುವ ಜ್ವಾಲೆಗಳ ಪ್ರಭಾವಳಿ ನಮಗೆಲ್ಲ ಪರಿಚಿತವಾದದ್ದು. ಇಲ್ಲಿ ಆ ಪ್ರಭಾವಳಿ ಇದೆ, ನಟರಾಜನಿಲ್ಲ. ಅವನಿರಬೇಕಾದ ಸ್ಥಳದಲ್ಲಿ ನಾಣ್ಯಗಳು ಹುದುಗಿದ ಕಾಂಕ್ರೀಟಿನ ಒಂದು ದೊಡ್ಡ ಮುದ್ದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಗಣಕಯಂತ್ರಕ್ಕೆ ತಿಳಿಯುವಂತೆ ಮಾಡಿದ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. ಎಲ್ಲ ದೇಶಗಳಿಗೂ ತಿಳಿಯುವ ಇನ್ನೊಂದು ಲಿಪಿ ಯಾವುದೆಂದು ಶಿಲ್ಪದ ನಡುವಿನ ನಾಣ್ಯಗಳೇ ಹೇಳುತ್ತವೆ.

ಇದನ್ನು ಕಂಡು ಆಸ್ತಿಕರೊಬ್ಬರಿಗೆ ನೋವಾದರೆ ಅದು ಅಸಹಜವೆಂದು ನಾನು ಹೇಳುವುದಿಲ್ಲ. ಆದರೆ ಸ್ವಲ್ಪ ನಿಂತು ಯೋಚಿಸೋಣ. ನಟರಾಜನನ್ನು ಪ್ರಭಾವಳಿಯಿಂದ ಹೊರಗಟ್ಟಿದವರು ತಲ್ಲೂರರೆ? ಗುಡಿಗಳಿಂದ ಕದ್ದ ಕಂಚಿನ ಮೂರ್ತಿಗಳು ಕಡಲಾಚೆಯ ವ್ಯಾಪಾರಿಗಳ ಕೈಸೇರಿದುದೂ, ಹೋಟೆಲುಗಳ ಪಡಸಾಲೆಯಲ್ಲಿ ಅವುಗಳ ಪ್ರತಿಕೃತಿಗಳು ಹೂಕುಂಡದ ಪಕ್ಕದಲ್ಲಿ ನಿಂತುದೂ ಇವರು ಶಿಲ್ಪ ಮಾಡುವುದಕ್ಕೆ ಎಷ್ಟೋ ಮೊದಲೇ ನಡೆದುಹೋದ ಸಂಗತಿಗಳು. ಮೂರ್ತಿ ಹೋಗಿ ಅದರ ಬೆಲೆಯೊಂದು ಉಳಿದ ಸ್ಥಿತಿಯನ್ನು ಅವರು ಕಣ್ಣಿಗೆ ಕಾಣುವಂತೆ ಮಾಡಿದ್ದಾರೆ, ಅಷ್ಟೆ. ಬಾದಾಮಿಯ ಒಂದನೆಯ ಗುಹೆಯ ಹೊರಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಅವನಿಗೆ ಪ್ರಭಾವಳಿಯೇ ಇಲ್ಲ, ಬೇಕಾಗಿಯೂ ಇಲ್ಲ. ತೋಳುಗಳೇ ಜ್ವಾಲೆಗಳಂತೆ ಸುತ್ತ ಹರಡಿಕೊಂಡಿವೆ. ಪ್ರಭಾವಳಿಯಿಲ್ಲದ ಆ ಮೂರ್ತಿಯಿಂದ ಮೂರ್ತಿಯಿಲ್ಲದ ಈ ಪ್ರಭಾವಳಿಯವರೆಗೆ ನಾವು ನಡೆದುಬಂದ ದೂರವೆಷ್ಟೆಂಬುದು ಎರಡನ್ನೂ ಒಟ್ಟಿಗೆ ನೆನೆದಾಗ ತಿಳಿಯುತ್ತದೆ.

ಹಾಗೆಂದ ಮಾತ್ರಕ್ಕೆ ಹಿಂದಿನ ಕಾಲದಲ್ಲಿ ದೇವರಿಗೂ ಹಣಕ್ಕೂ ಸಂಬಂಧವೇ ಇರಲಿಲ್ಲವೆಂದು ಭಾವಿಸಬಾರದು. ಮಹಾಕೂಟವೇ ಇದಕ್ಕೆ ಸಾಕ್ಷಿ. ಮಂಗಳೇಶನ ಸ್ತಂಭಶಾಸನ ಕಲಚೂರಿಗಳನ್ನು ಗೆದ್ದು ತಂದ ಸಂಪತ್ತಿನ ಮಾತನ್ನೂ, ಮಕುಟೇಶ್ವರನಾಥನಿಗೆ ಸಂದ ಹತ್ತು ಊರುಗಳ ದತ್ತಿಯನ್ನೂ ಒಟ್ಟಿಗೇ ಹೇಳುತ್ತದೆ. ಅದೇ ದೇವಾಲಯದ ಇನ್ನೊಂದು ಶಾಸನ ವಿನಾಪೋಟಿಯದು. ಆಕೆ 696ರಿಂದ 733ರವರೆಗೆ ಆಳಿದ ವಿಜಯಾದಿತ್ಯನ ಪ್ರಾಣವಲ್ಲಭೆ. ತನ್ನ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಕಲ್ಲಿನಲ್ಲಿ ಬರೆಯಿಸಿ, ಆಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಭೂಮಿಯನ್ನೂ ಕೊಟ್ಟಳು. ಇಂದು ಆ ಮಾಣಿಕ್ಯವೂ ಇಲ್ಲ, ಬೆಳ್ಳಿಯೂ ಇಲ್ಲ, ಕೊಟ್ಟವಳ ಹೆಸರಿದೆ. ಹಣ ಅಲ್ಲಿ ಕರಗಿ ಬೇರೆ ಏನೋ ಆಗುತ್ತಿತ್ತು. ಕೊಟ್ಟವರ ಕೈಬಿಟ್ಟು ಹೋಗುತ್ತಿತ್ತು, ಮರಳಿ ಬರುತ್ತಿರಲಿಲ್ಲ. ಕೂನ್ಸರ ಮೊಲವನ್ನು ಕೊಂಡವನ ಹಣ ಹಾಗೆ ಕೈಬಿಟ್ಟು ಹೋಗುವುದಿಲ್ಲ. ಮೊಲದ ಹೊಟ್ಟೆಯಲ್ಲಿ ಅಡಗಿ ಕುಳಿತು ಮುಂದಿನ ಹರಾಜನ್ನು ಕಾಯುತ್ತದೆ. ದಾನಕ್ಕೂ ಹೂಡಿಕೆಗೂ ಇರುವ ಅಂತರ ಇದು.

ತಲ್ಲೂರರಿಗೆ ಈ ಅಂತರದ ಅರಿವು ಚೆನ್ನಾಗಿದೆ. ‘ಕ್ರೊಮ್ಯಾಟೋಫೋಬಿಯ’ ಎಂಬ ಅವರ ಕೃತಿಗೆ ‘ಹಣದ ಭಯ’ ಎಂದು ಉಪನಾಮ. ಅಲ್ಲಿ ಮರದ ದೊಡ್ಡ ದಿಮ್ಮಿಯಿದೆ, ಸುತ್ತಿಗೆಯಿದೆ. ನೋಡಲು ಬಂದವರು ತಮ್ಮ ಜೇಬಿನ ನಾಣ್ಯವೊಂದನ್ನು ತೆಗೆದು ದಿಮ್ಮಿಗೆ ಬಡಿದು ಕೂರಿಸಬೇಕು. ದೆವ್ವ ಬಿಡಿಸಲು ಮರಕ್ಕೆ ಮೊಳೆ ಹೊಡೆಯುವುದನ್ನು ಕಂಡವರಿಗೂ, ಹರಕೆಯ ಕಾಸನ್ನು ಮುಡಿಪು ಕಟ್ಟುವುದನ್ನು ಬಲ್ಲವರಿಗೂ ಈ ಕ್ರಿಯೆ ಹೊಸದಲ್ಲ. ‘ಅಪೊಕ್ಯಾಲಿಪ್ಸ್’ ಎಂಬ 2010ರ ಇನ್ನೊಂದು ಕೃತಿ ನಾಣ್ಯಗಳನ್ನು ಉಜ್ಜಿ ಹೊಳಪುಕೊಡುವ ಒಂದು ಯಂತ್ರ. ಉಜ್ಜುತ್ತ ಉಜ್ಜುತ್ತ ನಾಣ್ಯದ ಮೇಲಿನ ಮುದ್ರೆ ಸವೆಯುತ್ತದೆ. ಕೊನೆಗೆ ಕೈಗೆ ಬರುವುದು ಥಳಥಳಿಸುವ, ಆದರೆ ಏನನ್ನೂ ಕೊಳ್ಳಲಾಗದ ಒಂದು ಬಿಲ್ಲೆ. ಹೊಳೆಯುವುದೆಲ್ಲ ಬೆಲೆಯುಳ್ಳದ್ದೆಂದು ನಂಬಿದ ಕಾಲಕ್ಕೆ ಇದಕ್ಕಿಂತ ಸರಳವಾದ ಉತ್ತರ ಬೇಕೆ? ಕೂನ್ಸರ ಹೊಳಪು ಹಣವನ್ನು ಕರೆಯುತ್ತದೆ. ತಲ್ಲೂರರ ಹೊಳಪು ಹಣವನ್ನು ಅಳಿಸುತ್ತದೆ. ಒಂದೇ ಪಂಥದ ಸಾಧನಗಳನ್ನು ಹಿಡಿದ ಈ ಇಬ್ಬರೂ ಇಲ್ಲಿ ಬೇರೆಯಾಗುತ್ತಾರೆ.

ಅವರ ‘ಮಿಲ್ಡ್ ಹಿಸ್ಟರಿ’ ಎಂಬ 2014ರ ಕೃತಿ ನನ್ನ ಮೆಚ್ಚಿನದು. ಗೆದ್ದಲು ತಿಂದು ವಿರೂಪವಾದ ಮರದ ವಿಗ್ರಹವೊಂದರ ಆಕಾರವನ್ನು ಯಂತ್ರದಿಂದ ಅಳೆದು, ಅದನ್ನೇ ಮರಳುಗಲ್ಲಿನಲ್ಲಿ ಕೊರೆಯಿಸಿದ ಶಿಲ್ಪ ಅದು. ಕರಾವಳಿಯವರಿಗೆ ಇದರ ಹಿನ್ನೆಲೆ ತಟ್ಟನೆ ಹೊಳೆಯುತ್ತದೆ. ಅಲ್ಲಿನ ದೈವದ ಮರದ ಮೂರ್ತಿಗಳು ಮಳೆಗೂ ಹುಳುವಿಗೂ ತುತ್ತಾಗಿ ಸವೆಯುತ್ತವೆ. ಸವೆದಾಗ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸುತ್ತಾರೆ. ಬಾರಕೂರಿನ ಕಡೆಯ ಮೆಕ್ಕೆಕಟ್ಟಿನ ಹಳೆಯ ಭೂತವಿಗ್ರಹಗಳು ಹೀಗೆ ಇಳಿದು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿವೆ. ಊರಿನವರಿಗೆ ಮರ ಸವೆಯಬಹುದು, ದೈವ ಸವೆಯುವುದಿಲ್ಲ. ಸಂಗ್ರಹಾಲಯದವರಿಗೆ ದೈವ ಹೋದರೂ ಚಿಂತೆಯಿಲ್ಲ, ಮರ ಸವೆಯಬಾರದು. ಗೆದ್ದಲಿನ ಕೆಲಸವನ್ನು ಕಲ್ಲಿನಲ್ಲಿ ಶಾಶ್ವತಗೊಳಿಸಿದ ಶಿಲ್ಪಿ ಈ ಎರಡು ಶ್ರದ್ಧೆಗಳನ್ನೂ ಎದುರುಬದುರು ನಿಲ್ಲಿಸಿದ್ದಾರೆ. ಮಹಾಕೂಟದ ಗುಡಿಗಳೂ ಮರಳುಗಲ್ಲಿನವೇ. ಮಳೆಗಾಳಿಗೆ ಮೊಗ ಸವೆದ ಮೂರ್ತಿಗಳು ಆ ಪ್ರದೇಶದ ಗುಡಿಗಳಲ್ಲಿ ಎಷ್ಟೋ ಇವೆ. ಸವೆತವೂ ಒಂದು ಬಗೆಯ ಕೆತ್ತನೆಯೆಂಬ ಭಾವನೆ ಅವುಗಳ ಮುಂದೆ ನಿಂತಾಗ ಸಹಜವಾಗಿ ಬರುತ್ತದೆ.

ಇನ್ನು ಕೈಗೆಲಸದ ಆಕ್ಷೇಪಣೆ. ‘ತಾನೇ ಕಡೆಯದವನು ಶಿಲ್ಪಿಯೆ?’ ಎಂದು ಕೇಳುವವರಿಗೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಉತ್ತರ ಹೇಳಬಲ್ಲದು. ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯ ಶಾಸನ ಅನಿವಾರಿತಾಚಾರಿ ಗುಂಡನನ್ನು ಹೆಸರಿಸಿ, ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದುದನ್ನು ತಿಳಿಸುತ್ತದೆ. ಇನ್ನೊಂದು ಶಾಸನ ಸರ್ವಸಿದ್ಧಿ ಆಚಾರಿಯನ್ನು ಕೊಂಡಾಡುತ್ತದೆ. ಅಷ್ಟು ದೊಡ್ಡ ಗುಡಿಯ ಒಂದೊಂದು ಕಲ್ಲನ್ನೂ ಗುಂಡನೇ ಕಡೆದನೆಂದು ಯಾರೂ ಹೇಳಲಾರರು. ಅವನು ಸೂತ್ರಧಾರಿ, ಸೂತ್ರ ಅವನದು, ಉಳಿಗಳು ನೂರಾರು ಜನರವು. ಆದುದರಿಂದ ಕೂನ್ಸರ ಕಾರ್ಯಾಗಾರವನ್ನೊ, ಎರಕದವರ ಮತ್ತು ಮರಗೆಲಸದವರ ನೆರವು ಪಡೆಯುವ ತಲ್ಲೂರರನ್ನೊ ಈ ಒಂದೇ ಕಾರಣಕ್ಕೆ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಚಲುಕ್ಯರ ಗುಡಿಗಳಲ್ಲಿ ಬಲದೇವ, ಪುಲ್ಲಪ್ಪರಂಥ ರೂವಾರಿಗಳ ಹೆಸರುಗಳೂ ತಮ್ಮ ಕೆತ್ತನೆಗಳ ಪಕ್ಕದಲ್ಲಿಯೇ ಉಳಿದುಬಂದಿವೆ. ಇಂದಿನ ಪ್ರದರ್ಶನಶಾಲೆಯ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಹೆಸರು. ಈ ಒಂದು ವಿಷಯದಲ್ಲಿ ಸಾವಿರದ ಇನ್ನೂರು ವರ್ಷಗಳ ಹಿಂದಿನವರು ನಮಗಿಂತ ಉದಾರಿಗಳಾಗಿದ್ದರು.

ತಲ್ಲೂರರ ಕಲೆಯಲ್ಲಿ ನನಗೆ ಕಾಣುವ ಕೊರತೆಗಳನ್ನೂ ಹೇಳಿಬಿಡಬೇಕು. ಹಣವನ್ನು ಅಣಕಿಸುವ ಕೃತಿಗಳು ಹಣವಂತರ ಜಗತ್ತಿನಲ್ಲಿಯೇ ಬಾಳಬೇಕಾಗಿದೆ. ಅಣಕಿಸಿಕೊಂಡವರೇ ಅವನ್ನು ಕೊಂಡು ಮನೆಯಲ್ಲಿರಿಸಿಕೊಂಡರೆ ಅಣಕದ ಮೊನೆ ಮೊಂಡಾಗುವುದಿಲ್ಲವೆ? ಎರಡನೆಯದು, ಕೆಲವು ಕೃತಿಗಳು ವಿವರಣೆಯ ಊರುಗೋಲಿಲ್ಲದೆ ನಡೆಯಲಾರವು. ಮಹಾಕೂಟದ ದ್ವಾರಪಾಲಕ ತಾನು ಯಾರೆಂದು ಹೇಳಿಕೊಳ್ಳಲು ಚೀಟಿಯನ್ನು ಹಿಡಿದಿಲ್ಲ. ಮೂರನೆಯದು ಅವರ ತಪ್ಪಲ್ಲ, ನಮ್ಮದು. ಮುಂಬಯಿ, ಬರ್ಲಿನ್, ನ್ಯೂಜರ್ಸಿಗಳ ಜನ ಕಂಡ ಈ ಕೃತಿಗಳನ್ನು ಬಾಗಲಕೋಟೆಯ ಚಿತ್ರಕಲಾ ವಿದ್ಯಾರ್ಥಿ ಅಂಗೈಯಗಲದ ಗಾಜಿನ ಮೇಲೆ ನೋಡಬೇಕಾಗಿದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, ಶಿಲ್ಪದಿಂದ ಆರಂಭಿಸಿ ಛಾಯಾಚಿತ್ರಕ್ಕೆ ತಿರುಗಿದ ಬೆಂಗಳೂರಿನ ಪುಷ್ಪಮಾಲಾ ಮೊದಲಾದವರ ವಿಷಯದಲ್ಲಿಯೂ ಈ ಮಾತು ಬಹುಮಟ್ಟಿಗೆ ನಿಜ. ಲೋಕವೆಲ್ಲ ಚರ್ಚಿಸುವ ಕನ್ನಡ ನಾಡಿನ ಕಲಾವಿದರನ್ನು ಕನ್ನಡದಲ್ಲಿ ಚರ್ಚಿಸುವವರು ಎಷ್ಟು ಮಂದಿ? ಮೆಚ್ಚುವುದಿರಲಿ, ಜಗಳವಾಡುವುದಕ್ಕಾದರೂ ಕೃತಿ ಕಣ್ಣೆದುರಿಗೆ ಇರಬೇಕು.

2019ರಲ್ಲಿ ತಲ್ಲೂರರು ಶಿಲ್ಪವನ್ನು ಬಿಟ್ಟು ಒಂದು ಚಲನಚಿತ್ರದ ತುಣುಕನ್ನು ಮಾಡಿದರು. ಜುನಾಗಢದ ವಸ್ತುಸಂಗ್ರಹಾಲಯದ ಹಳೆಯ ಜಮಖಾನೆಯೊಂದನ್ನು ಕೆಲಸಗಾರರು ಬಡಿದು ಕೊಡವುತ್ತಾರೆ. ಅದರಿಂದೆದ್ದ ಧೂಳು ನಿಧಾನಗತಿಯಲ್ಲಿ ಮೋಡದಂತೆ ಮೇಲೇರುತ್ತದೆ. ಅಲ್ಲಿ ನಡೆಯುವುದು ಅಷ್ಟೇ. ಚರಿತ್ರೆಯೆಂದರೆ ಜಮಖಾನೆಯೋ ಧೂಳೋ ಎಂಬುದನ್ನು ಅವರು ಹೇಳುವುದಿಲ್ಲ.

ಕೂನ್ಸರ ಉಕ್ಕಿನ ಮೊಲದ ಮೇಲೆ ಧೂಳು ಕೂರಗೊಡುವುದಿಲ್ಲ; ಕುಳಿತರೆ ಅದರ ಹೊಳಪು ಹೋಯಿತು, ಹೊಳಪು ಹೋದರೆ ಅದೇ ಇಲ್ಲ. ಮಹಾಕೂಟದ ಕಲ್ಲುಗಳ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ಧೂಳು, ಸುಣ್ಣ, ಎಣ್ಣೆ, ಅರಿಸಿನ ಕುಳಿತಿವೆ; ಅವು ಇನ್ನೂ ಇವೆ. ತಲ್ಲೂರರು ಈ ಎರಡು ಲೋಕಗಳ ನಡುವೆ ನಿಂತು ಕೆಲಸಮಾಡುತ್ತಿರುವ ಕಲಾವಿದರು. ಅವರ ಪ್ರಭಾವಳಿಯ ನಡುವಿನ ಕಾಂಕ್ರೀಟನ್ನು ಕಂಡು ಸಿಟ್ಟಾಗುವ ಹಕ್ಕು ನಮಗೆ ಉಂಟು. ಆದರೆ ಆ ಸಿಟ್ಟು ಪ್ರದರ್ಶನಶಾಲೆಯಲ್ಲಿಯೇ ಮುಗಿಯಬಾರದು. ಮೂರ್ತಿಗಳನ್ನು ಮಾರಿದವರು ಯಾರು, ಕೊಂಡವರು ಯಾರು, ನೋಡಿಯೂ ಸುಮ್ಮನಿದ್ದವರು ಯಾರು ಎಂಬಲ್ಲಿಗೂ ಅದು ಮುಟ್ಟಬೇಕು. ಅಲ್ಲಿಯವರೆಗೆ ನಮ್ಮನ್ನು ನಡೆಸಬಲ್ಲ ಶಿಲ್ಪಿಯನ್ನು, ಉಳಿ ಹಿಡಿಯದಿದ್ದರೂ, ಶಿಲ್ಪಿಯೆನ್ನಲು ನನ್ನ ನಾಲಗೆ ಈಗ ತಡವರಿಸುವುದಿಲ್ಲ.